ಚಿತ್ರದಿಂದ ಕಡಲಿಗೆ ಇಳಿದ ದೋಣಿ

1984ರಲ್ಲಿ ಅಮೆರಿಕದ ಅಂಚೆಯವರು ಇಪ್ಪತ್ತು ಸೆಂಟು ಬೆಲೆಯ ಒಂದು ಅಂಚೆಚೀಟಿಯನ್ನು ಹೊರಡಿಸಿದರು. ಹವಾಯಿ ದ್ವೀಪಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತನೆಯ ರಾಜ್ಯವಾಗಿ ಇಪ್ಪತ್ತೈದು ವರ್ಷ ತುಂಬುವುದರ ನೆನಪಿಗಾಗಿ ಹೊರಟ ಚೀಟಿ ಅದು. ಇಂಥ ಸಂದರ್ಭದ ಚೀಟಿಯಲ್ಲಿ ಏನಿರುತ್ತದೆಂದು ಯಾರಾದರೂ ಊಹಿಸಬಹುದು: ಧ್ವಜವಿರುತ್ತದೆ, ಶಾಸನಸಭೆಯ ಕಟ್ಟಡವಿರುತ್ತದೆ, ಇಲ್ಲವೆ ಯಾರೋ ಮುಖಂಡರ ಮೋರೆಯಿರುತ್ತದೆ. ಈ ಚೀಟಿಯಲ್ಲಿ ಅವೊಂದೂ ಇಲ್ಲ. ಹಾಯಿ ಬಿಚ್ಚಿದ ಪುರಾತನ ಮಾದರಿಯ ಒಂದು ದೋಣಿ, ಹೊನ್ನ ಮೈಯ ವಲಸೆಹಕ್ಕಿ, ಮೌನ ಲೋವ ಎಂಬ ಜ್ವಾಲಾಮುಖಿ. ಇಷ್ಟೇ. ಆ ಹಕ್ಕಿಯಾದರೋ ಅಲಾಸ್ಕದಿಂದ ಹೊರಟು ನಡುವೆ ಎಲ್ಲಿಯೂ ನೆಲ ಮುಟ್ಟದೆ ಹವಾಯಿಗೆ ಹಾರಿಬರುವ ಜಾತಿಯದು.

ಬರೆದಾತ ಹರ್ಬ್ ಕವಾಯ್‌ನುಯಿ ಕಾನೆ. ಕವಾಯ್‌ನುಯಿ ಎಂದರೆ ಹವಾಯಿಯ ನುಡಿಯಲ್ಲಿ ಮಹಾಜಲ. ಕಾನೆ ಎಂಬುದು ಅಲ್ಲಿಯ ಒಬ್ಬ ದೇವತೆಯ ಹೆಸರೂ ಹೌದು. ಸರಕಾರ ಹೇಳಿ ಬರೆಸಿದ ಚಿತ್ರದಲ್ಲಿ ಸರಕಾರದ ಗುರುತೇ ಇಲ್ಲದಂತೆ ಬರೆದ ಈತನ ಜಾಣ್ಮೆಯನ್ನು ಅರಿಯಬೇಕಾದರೆ ಸ್ವಲ್ಪ ಇತಿಹಾಸ ಬೇಕು. ಹವಾಯಿ ಒಂದು ಕಾಲಕ್ಕೆ ತನ್ನದೇ ದೊರೆಗಳುಳ್ಳ ರಾಜ್ಯ. 1893ರಲ್ಲಿ ಅಲ್ಲಿ ನೆಲೆಸಿದ್ದ ಬಿಳಿಯ ವರ್ತಕರು ಮತ್ತು ತೋಟದ ಧನಿಗಳು, ಅಮೆರಿಕದ ನೌಕಾಸೈನಿಕರು ದಡಕ್ಕಿಳಿದು ನಿಂತಿದ್ದ ಹೊತ್ತಿನಲ್ಲಿ, ರಾಣಿ ಲಿಲಿಉವೊಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1896ರಲ್ಲಿ ಶಾಲೆಗಳ ಬೋಧನೆಯೆಲ್ಲ ಇಂಗ್ಲಿಷಿನಲ್ಲೇ ಆಗತಕ್ಕದ್ದೆಂದು ಕಾನೂನಾಯಿತು. 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. 1959ರಲ್ಲಿ ಜನರ ಮತ ಕೇಳಿದಾಗ, ರಾಜ್ಯವಾಗುವುದು ಬೇಕೇ ಬೇಡವೇ ಎಂಬ ಪ್ರಶ್ನೆ ಮಾತ್ರವಿತ್ತು. ಸ್ವತಂತ್ರರಾಗುವಿರಾ ಎಂದು ಯಾರೂ ಕೇಳಲಿಲ್ಲ. 1893ರ ಕೃತ್ಯಕ್ಕಾಗಿ ಅಮೆರಿಕದ ಕಾಂಗ್ರೆಸ್ಸು ಕ್ಷಮೆ ಕೋರಿದ್ದು ನೂರು ವರ್ಷಗಳ ತರುವಾಯ, 1993ರಲ್ಲಿ. ಹೀಗಿರುವಾಗ ಮೂಲನಿವಾಸಿಗಳ ರಕ್ತವುಳ್ಳ ಚಿತ್ರಕಾರನೊಬ್ಬ ಆ ಉತ್ಸವಕ್ಕೆ ಚಿತ್ರ ಬರೆದುಕೊಡಬೇಕೆ, ಬೇಡವೆ? ಕಾನೆ ಒಪ್ಪಿಕೊಂಡ, ಆದರೆ ಧ್ವಜಕ್ಕಿಂತ ಹಳೆಯದನ್ನು ಬರೆದುಕೊಟ್ಟ. ಐವತ್ತು ವರ್ಷ ತುಂಬಿದಾಗ, 2009ರಲ್ಲಿ, ಮತ್ತೆ ಆತನಿಗೇ ಕರೆ ಬಂತು. ಆಗ ಬರೆದದ್ದು ಅಲೆಯ ನೆತ್ತಿಯೇರಿ ಬರುವ ಒಬ್ಬ ಅಲೆಸವಾರನನ್ನೂ ದೋಣಿಯಲ್ಲಿ ಹುಟ್ಟು ಹಾಕುವ ಇಬ್ಬರನ್ನೂ.

ಕಾನೆ ಹುಟ್ಟಿದ್ದು 1928ರಲ್ಲಿ, ಹವಾಯಿಯಲ್ಲಲ್ಲ. ಅಮೆರಿಕದ ನಡುನಾಡಾದ ಮಿನೆಸೋಟದಲ್ಲಿ. ತಂದೆಯ ಕಡೆ ಹವಾಯಿ ಮತ್ತು ಚೀನದ ರಕ್ತ, ತಾಯಿಯ ಕಡೆ ಡೆನ್ಮಾರ್ಕಿನದು. ಬಾಲ್ಯ ಎರಡು ಮನೆಗಳ ನಡುವೆ ಹಂಚಿಹೋಯಿತು: ಒಂದೆಡೆ ಹಿಮ ಬೀಳುವ ವಿಸ್ಕಾನ್ಸಿನ್, ಇನ್ನೊಂದೆಡೆ ಹಿಲೋ ಪಟ್ಟಣ ಮತ್ತು ವಾಯ್‌ಪಿಯೊ ಕಣಿವೆ. ವಾಯ್‌ಪಿಯೊ ಹಿಂದಿನ ಅರಸರ ಬೀಡು, ಕೆಸುವಿನ ಗದ್ದೆಗಳ ನಾಡು. (ನಮ್ಮಲ್ಲಿ ಪತ್ರೊಡೆಗೆ ಒದಗುವ ಅದೇ ಕೆಸು! ಹವಾಯಿಯ ಪುರಾಣದಲ್ಲಿ ಕೆಸುವಿನ ಗಿಡ ಮನುಷ್ಯನಿಗೆ ಒಡಹುಟ್ಟಿದ ಅಣ್ಣ.) 1946ರ ಏಪ್ರಿಲಿನಲ್ಲಿ ಕಡಲು ಉಕ್ಕಿ ಬಂದು ಆ ಕಣಿವೆಯನ್ನು ಬಡಿಯಿತು, ಹಿಲೋ ಪಟ್ಟಣವನ್ನೂ ಬಡಿಯಿತು. ಆತ ಬಾಲ್ಯದಲ್ಲಿ ಕಂಡ ಊರು ಅನಂತರ ಇದ್ದುದು ಬಹುಮಟ್ಟಿಗೆ ನೆನಪಿನಲ್ಲಿಯೇ.

ನೌಕಾದಳದಲ್ಲಿ ಕೆಲಕಾಲ ಸೇವೆ ಮಾಡಿ, ಷಿಕಾಗೋ ನಗರದಲ್ಲಿ ಚಿತ್ರಕಲೆ ಕಲಿತು, 1953ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಕಾನೆ ಅಲ್ಲಿಯೇ ಜಾಹೀರಾತಿನ ಚಿತ್ರಗಳನ್ನು ಬರೆಯುತ್ತ ನಿಂತ. ಕೈತುಂಬ ಕೆಲಸ, ಒಳ್ಳೆಯ ಸಂಪಾದನೆ. ಆಗ ಆತನ ಪಾಲಿಗೆ ಬಂದದ್ದು ಡಬ್ಬಿಯಲ್ಲಿ ತುಂಬಿ ಮಾರುವ ಬಟಾಣಿ ಮೊದಲಾದುವುಗಳ ಜಾಹೀರಾತಿನ ನಾಯಕನಾದ ಒಬ್ಬ ಹಸಿರು ದೈತ್ಯ, 'ಜಾಲಿ ಗ್ರೀನ್ ಜೈಂಟ್'. ದಿನ ಬೆಳಗಾದರೆ ನಗುವ ಹಸಿರು ಮನುಷ್ಯನನ್ನು ಬರೆಯುವುದು! ಒಂದು ವರ್ಷದಲ್ಲಿ ಸಾಕುಸಾಕಾಯಿತು. ಬಟಾಣಿಯ ದೈತ್ಯನಿಗೆ ನಾವು ಕೃತಜ್ಞರಾಗಿರಬೇಕು. ಆತ ಇನ್ನಷ್ಟು ಮನೋಹರನಾಗಿದ್ದರೆ ಕಾನೆ ಷಿಕಾಗೋದಲ್ಲೇ ಉಳಿದುಬಿಡುತ್ತಿದ್ದನೋ ಏನೋ.

ಬಿಡುವಿನಲ್ಲಿ ಆತ ಅಲ್ಲಿಯ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಪೆಸಿಫಿಕ್ ದ್ವೀಪಗಳ ಹಳೆಯ ಸಾಮಗ್ರಿಗಳನ್ನು ನೋಡುತ್ತಿದ್ದ. ಮಿಷಿಗನ್ ಸರೋವರದಲ್ಲಿ ಜೋಡಿ ಒಡಲಿನ ಹಾಯಿದೋಣಿಯನ್ನು ನಡೆಸುತ್ತಿದ್ದ. ಹಿರಿಯರು ಕಡಲು ದಾಟಿದ ದೋಣಿಗಳು ಹೇಗಿದ್ದುವೆಂಬ ಕುತೂಹಲ ಬಲಿಯಿತು. ಆದರೆ ಬರೆಯುವುದು ಯಾವುದನ್ನು ನೋಡಿ? ಹವಾಯಿಯಲ್ಲಿ ಅಂಥ ಒಂದು ದೋಣಿಯೂ ಉಳಿದಿರಲಿಲ್ಲ. ಉಳಿದಿದ್ದುದು ಚೂರುಪಾರು ಆಧಾರಗಳು: ಕ್ಯಾಪ್ಟನ್ ಕುಕ್ಕನ ಜೊತೆಗೆ ಬಂದಿದ್ದ ಜಾನ್ ವೆಬ್ಬರ್ ಎಂಬ ಚಿತ್ರಕಾರನ ರೇಖೆಗಳು, ನಾವಿಕರ ಬರೆಹಗಳು, ಸಂಗ್ರಹಾಲಯಗಳ ತುಣುಕುಗಳು. ಇವುಗಳನ್ನೆಲ್ಲ ಹೊಂದಿಸಿ ಕಾನೆ ಪಾಲಿನೇಷಿಯದ ನಾನಾ ದ್ವೀಪಗಳ ದೋಣಿಗಳ ಒಂದು ಚಿತ್ರಮಾಲಿಕೆಯನ್ನೇ ಬರೆದ. ಹವಾಯಿ ರಾಜ್ಯದ ಕಲಾಸಂಸ್ಥೆ ಅದನ್ನು ಕೊಂಡುಕೊಂಡಿತು. ಆ ಬಲದಿಂದ ಆತ ಊರಿಗೆ ಮರಳಿದ.

ಮುಂದಿನದು ಸೋಜಿಗದ ಕಥೆ. ಆ ಕಾಲದಲ್ಲಿ ಪಂಡಿತರ ನಡುವೆ ಒಂದು ವಾದವಿತ್ತು. ಪಾಲಿನೇಷಿಯದವರು ದಿಕ್ಕು ಅರಿತು ಕಡಲು ದಾಟಿದವರಲ್ಲ. ಗಾಳಿಗೆ ಸಿಕ್ಕಿ, ದಾರಿ ತಪ್ಪಿ, ತೇಲಿ ಬಂದು ದೂರದ ದ್ವೀಪಗಳನ್ನು ಸೇರಿದವರು ಎಂದು 1956ರಲ್ಲಿ ಆಂಡ್ರ್ಯೂ ಷಾರ್ಪ್ ಎಂಬಾತ ಬರೆದಿದ್ದ. ಒಂದು ಜನಾಂಗದ ಪೂರ್ವಜರನ್ನು ತೇಲಿ ಬಂದ ತೆಂಗಿನಕಾಯಿಗಳೆಂದು ಕರೆದರೆ ಆ ಮಕ್ಕಳಿಗೆ ಹೇಗಾಗಬೇಡ! 1973ರಲ್ಲಿ ಕಾನೆ, ಮಾನವಶಾಸ್ತ್ರಜ್ಞ ಬೆನ್ ಫಿನ್ನಿ, ಟಾಮಿ ಹೋಮ್ಸ್ ಈ ಮೂವರು ಕೂಡಿ ಒಂದು ನೌಕಾಯಾನ ಸಂಘವನ್ನು ಕಟ್ಟಿದರು. ಕಾಗದದ ಮೇಲಿನ ದೋಣಿಯನ್ನು ಕಟ್ಟಿಸಿ ನೀರಿಗಿಳಿಸಿ, ತಾಹಿತಿಗೆ ಹೋಗಿ ತೋರಿಸುವುದೇ ಸಂಕಲ್ಪ. ವಿನ್ಯಾಸ ಕಾನೆಯದು. ಸುಮಾರು 62 ಅಡಿ ಉದ್ದದ ಎರಡು ಒಡಲುಗಳು, ಏಡಿಯ ಕೊಂಡಿಯ ಆಕಾರದ ಹಾಯಿಗಳು, ಎಲ್ಲವನ್ನೂ ಬಿಗಿದು ಹಿಡಿದ ಹಗ್ಗದ ಕಟ್ಟುಗಳು. ಒಡಲು ಮಾತ್ರ ಪ್ಲೈವುಡ್ ಮತ್ತು ಫೈಬರ್‌ಗ್ಲಾಸಿನದು. ಆಕಾರವೂ ನಡೆಯೂ ಹಳೆಯವು. 1975ರ ಮಾರ್ಚ್ 8ರಂದು ಅದು ಒವಾಹು ದ್ವೀಪದಲ್ಲಿ ಕಡಲಿಗಿಳಿಯಿತು. ಮೊದಲ ಕಪ್ತಾನನೂ ಕಾನೆಯೇ.

ಹೆಸರು ಹೋಕುಲೇಯ. ಅದು ಕನಸಿನಲ್ಲಿ ತನಗೆ ಹೊಳೆದುದೆಂದು ಕಾನೆ ಹೇಳಿಕೊಂಡಿದ್ದಾನೆ. ಹೋಕು ಎಂದರೆ ತಾರೆ, ಲೇಯ ಎಂದರೆ ಹರ್ಷ. ಈ ಹರ್ಷತಾರೆ ಬೇರೆ ಯಾವುದೂ ಅಲ್ಲ, ನಮ್ಮ ಸ್ವಾತೀ ನಕ್ಷತ್ರ! ಯಾವುದರ ಮಳೆಹನಿ ಚಿಪ್ಪಿಗೆ ಬಿದ್ದು ಮುತ್ತಾಗುವುದೆಂದು ನಮ್ಮ ಕವಿಗಳು ಹಾಡಿದರೋ ಅದೇ. ಹವಾಯಿಯ ಅಕ್ಷಾಂಶದಲ್ಲಿ ಸ್ವಾತಿ ಸರಿಸುಮಾರು ನಡುನೆತ್ತಿಯ ಮೇಲೆ ಹಾದುಹೋಗುತ್ತದೆ. ದಕ್ಷಿಣದಿಂದ ಬರುವ ನಾವಿಕನಿಗೆ ಸ್ವಾತಿ ನೆತ್ತಿಗೆ ಬಂದಿತೆಂದರೆ ಊರಿನ ಅಕ್ಷಾಂಶಕ್ಕೆ ಬಂದಂತೆ. ದಿಕ್ಸೂಚಿ ಇಲ್ಲದವರು ಮನೆ ಹುಡುಕಿಕೊಳ್ಳುವ ಉಪಾಯವಿದು.

ಈ ವಿದ್ಯೆ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೈಕ್ರೊನೇಷಿಯದ ಸತಾವಾಲ್ ಎಂಬ ಪುಟ್ಟ ದ್ವೀಪದಿಂದ ಮಾವು ಪಿಯಾಲುಗ್ ಎಂಬ ಹಿರಿಯ ನಾವಿಕನನ್ನು ಕರೆತಂದರು. 1976ರ ಮೇ 1ರಂದು ಹೊರಟ ದೋಣಿ, ಉಪಕರಣಗಳ ನೆರವಿಲ್ಲದೆ, ಚುಕ್ಕಿ ಗಾಳಿ ಅಲೆಗಳನ್ನೇ ನೋಡಿಕೊಂಡು ಸುಮಾರು 2500 ಮೈಲಿ ಸಾಗಿ ಜೂನ್ 4ರಂದು ತಾಹಿತಿಯ ಪಪೀಟೆ ಬಂದರನ್ನು ಮುಟ್ಟಿತು. ಸ್ವಾಗತಕ್ಕೆ ಸಾವಿರಾರು ಜನ ದಡದಲ್ಲಿ ಕಿಕ್ಕಿರಿದಿದ್ದರು. ಆ ಯಾತ್ರೆಯ ಕಪ್ತಾನ ಕಾನೆಯಲ್ಲ, ಕವಿಕ ಕಪಾಹುಲೆಹುವ. ಹಾದಿಯಲ್ಲಿ ತಂಡದೊಳಗೆ ಜಗಳಗಳೂ ನಡೆದುವು. ಪುಣ್ಯಕಾರ್ಯದಲ್ಲಿಯೂ ಮನುಷ್ಯರು ಮನುಷ್ಯರೇ ತಾನೆ.

ಅನಂತರ ಕಾನೆಗೆ ಕೆಲಸದ ಕೊರತೆಯಾಗಲಿಲ್ಲ. ಪತ್ರಿಕೆಗಳು, ಪ್ರವಾಸಿ ಹೋಟೆಲುಗಳು, ಬೇರೆ ಬೇರೆ ದ್ವೀಪರಾಷ್ಟ್ರಗಳ ಅಂಚೆಯವರು ಎಲ್ಲರೂ ಬರೆಸಿದರು. ಕುಕ್ಕನ ಸಾವನ್ನು ಬರೆದ, ಜ್ವಾಲಾಮುಖಿಯ ದೇವಿ ಪೆಲೆಯನ್ನು ಬರೆದ. ಆಕೆಯ ಮೇಲೆ 1987ರಲ್ಲಿ ಪುಸ್ತಕವನ್ನೇ ಹೊರತಂದ. ಮುದ್ರಿತ ಪ್ರತಿಗಳನ್ನು ನೋಡಿದಾಗ ನನಗೆ ಒಂದು ಆಕ್ಷೇಪಣೆ ತೋರುವುದುಂಟು: ಆತನ ಅರಸರೂ ಅಂಬಿಗರೂ ತುಸು ಅತಿಯಾಗಿಯೇ ಸುಂದರರು; ಮೈಯಲ್ಲಿ ದಣಿವಿಲ್ಲ, ಮೋರೆಯಲ್ಲಿ ಹಸಿವಿಲ್ಲ. ಜಾಹೀರಾತಿನ ಕೈ ಅಲ್ಲಿ ಇಣುಕುತ್ತದೆ. ಆದರೆ ದೋಣಿಯ ಹಗ್ಗದ ಗಂಟು, ಹಾಯಿಯ ಬಾಗು, ಅಲೆಯ ಇಳಿಜಾರು ಬಂದೊಡನೆ ಆ ಕೈ ಬೇರೆಯಾಗುತ್ತದೆ. ಅಲ್ಲಿ ಒಂದು ಗೆರೆಯೂ ಅಂದಾಜಿನದಲ್ಲ, ಏಕೆಂದರೆ ಅದರ ಮೇಲೆ ನಂಬಿಕೆಯಿಟ್ಟು ಜನ ಕಡಲಿಗೆ ಹೋಗಿ ಬಂದಿದ್ದಾರೆ.

1980ರಲ್ಲಿ ನೈನೋವ ಥಾಂಪ್ಸನ್ ಎಂಬ ಹವಾಯಿಯ ತರುಣನೇ ಚುಕ್ಕಿಗಳ ಜಾಡು ಹಿಡಿದು ಹೋಕುಲೇಯವನ್ನು ತಾಹಿತಿಗೆ ಒಯ್ದು ಮರಳಿ ತಂದ. 2014ರಿಂದ 2017ರವರೆಗೆ ಅದು ಭೂಮಂಡಲವನ್ನೇ ಸುತ್ತಿ ಬಂತು. ಅದನ್ನು ನೋಡಲು ಕಾನೆ ಇರಲಿಲ್ಲ. ದಕ್ಷಿಣ ಕೋನ ಸೀಮೆಯಲ್ಲಿ ನೆಲೆಸಿದ್ದ ಆತ 2011ರ ಮಾರ್ಚ್ 8ರಂದು ತೀರಿಕೊಂಡ. ದೋಣಿ ನೀರಿಗಿಳಿದು ಅಂದಿಗೆ ಸರಿಯಾಗಿ ಮೂವತ್ತಾರು ವರ್ಷ.