ಸೇವೆಗೆ ಹೊರಟವರ ಚಪ್ಪಲಿಗೆ ಯಾರು ದುಡ್ಡು ಕೊಡಬೇಕು?

ಸೇವೆ ಅಂದರೆ ಪುಕ್ಕಟೆ ಮಾಡಬೇಕು ಅಂತ ಮೈಕ್ ಹಿಡಿದು ಹೇಳುವವರನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ಕೇಳಬೇಕು ಅನ್ನಿಸುತ್ತೆ. ಸ್ವಾಮಿ, ನಿಮ್ಮ ಮನೆಗೆ ಅಕ್ಕಿ ಬೇಳೆ ಯಾರ ದುಡ್ಡಲ್ಲಿ ಬರುತ್ತೆ?

ಅಪ್ಪನ ತೋಟ, ಅಣ್ಣನ ಅಂಗಡಿ ಇರುವ ಹುಡುಗ ವರ್ಷವಿಡೀ ಸೇವೆ ಮಾಡಬಹುದು. ಒಂದು ದಿನ ಕೂಲಿ ತಪ್ಪಿದರೆ ಒಲೆ ಹತ್ತದ ಮನೆಯ ಹುಡುಗಿ ಎಷ್ಟು ದಿನ ಮಾಡುತ್ತಾಳೆ? ಅವಳಿಗೆ ಮನಸ್ಸಿಲ್ಲ ಅಂತಲ್ಲ, ಬಸ್ ಚಾರ್ಜಿಲ್ಲ. ಸೇವೆ ಪುಕ್ಕಟೆಯೇ ಆಗಬೇಕು ಅಂತ ನಿಯಮ ಮಾಡಿದ ದಿನವೇ ಅದು ಉಳ್ಳವರ ಹವ್ಯಾಸ ಆಗಿಬಿಡುತ್ತೆ. ಆಮೇಲೆ ಅದೇ ಉಳ್ಳವರು ವೇದಿಕೆ ಹತ್ತಿ, "ಈಗಿನ ಹುಡುಗರಿಗೆ ಸೇವಾಭಾವನೆ ಇಲ್ಲ" ಅಂತ ಕೊರಗುತ್ತಾರೆ.

ಈ ಸುಳ್ಳನ್ನು 370 ವರ್ಷಗಳ ಹಿಂದೆಯೇ ಗುರುತಿಸಿದ ಒಂದು ಸಣ್ಣ ಪಂಗಡ ಇದೆ. ಅವರು ಕ್ವೇಕರರು. ಸೇವೆಗೆ ಹೊರಟ ತಮ್ಮ ಯುವಕ ಯುವತಿಯರಿಗೆ ಅವರು ಸಣ್ಣ ಸಣ್ಣ ಧನಸಹಾಯ ಕೊಡುತ್ತಾರೆ. ಅದನ್ನು ದಂಡದ ಖರ್ಚು ಅಂತ ಮೂಗು ಮುರಿಯುವವರಿದ್ದಾರೆ. ಅವರ ಮಾತು ಯಾಕೆ ತಪ್ಪು ಅಂತ ಇಲ್ಲಿ ಹೇಳುತ್ತೇನೆ. ಹಾಗೆಯೇ, ಕೊಡುವವರು ಎಲ್ಲಿ ಎಡವುತ್ತಿದ್ದಾರೆ ಅನ್ನೋದನ್ನೂ ಹೇಳಬೇಕು.

ಯಾರು ಈ ಕ್ವೇಕರರು?

ಹೆಸರು ಕೇಳಿಲ್ಲ ಅಂದರೆ ಸಂಕೋಚ ಬೇಡ. ಕೇರಳದಲ್ಲಿ ಕಡಿಮೆ ಖರ್ಚಲ್ಲಿ ಇಟ್ಟಿಗೆ ಜಾಲರಿಯ ಚೆಂದದ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಹೆಸರು ಕೇಳಿರಬಹುದು. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಕ್ವೇಕರ್. ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೂ ಇಪ್ಪತ್ತು ದಾಟಿದ ವಯಸ್ಸು. ಬಂದೂಕು ಹಿಡಿಯುವ ಬದಲು ಕ್ವೇಕರರ ಆಂಬುಲೆನ್ಸ್ ದಳ ಸೇರಿ ಚೀನಾಕ್ಕೆ ಹೋದರು, ಅಲ್ಲಿ ರೋಗಿಗಳ ಆರೈಕೆ ಮಾಡಿದರು. ವಾಪಸ್ ಹೋಗಲು ಹಡಗಿಗೆ ಕಾಯುತ್ತ ಮುಂಬೈಯಲ್ಲಿ ಉಳಿದಿದ್ದಾಗ ಗಾಂಧೀಜಿಯ ಭೇಟಿ ಆಯಿತು. 1945ರಲ್ಲಿ ಭಾರತಕ್ಕೆ ಬಂದವರು ಇಲ್ಲಿಯವರೇ ಆಗಿ ಉಳಿದುಬಿಟ್ಟರು.

ಆ ಆಂಬುಲೆನ್ಸ್ ದಳದವರಿಗೆ ಸಂಬಳ ಇರಲಿಲ್ಲ. ಆದರೆ ಊಟ, ವಸತಿ, ಚೂರು ಕೈಖರ್ಚು ಇತ್ತು. ಇದನ್ನು ನೆನಪಿಟ್ಟುಕೊಳ್ಳಿ. ಸಂಬಳವಿಲ್ಲದ ಸೇವೆ ಬೇರೆ, ಉಪವಾಸದ ಸೇವೆ ಬೇರೆ.

ಕ್ವೇಕರ್ ಪಂಥ ಶುರುವಾಗಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ, ಜಾರ್ಜ್ ಫಾಕ್ಸ್ ಎಂಬ ಯುವಕನಿಂದ. ದೇವರ ಬೆಳಕು ಪ್ರತಿ ಮನುಷ್ಯನ ಒಳಗೂ ಇದೆ, ನಡುವೆ ಪುರೋಹಿತ ಬೇಡ ಅನ್ನೋದು ಅವರ ಮಾತು. ಇಂಗ್ಲೆಂಡಿನ ಕ್ವೇಕರರ ಪ್ರಾರ್ಥನೆಯಲ್ಲಿ ಇವತ್ತಿಗೂ ಪೂಜಾರಿ ಇಲ್ಲ, ಮಂತ್ರ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಯಾರಿಗೆ ಒಳಗಿನಿಂದ ಪ್ರೇರಣೆ ಬರುತ್ತೋ ಅವರು ಎದ್ದು ನಾಲ್ಕು ಮಾತಾಡುತ್ತಾರೆ. ಹೆಂಗಸೂ ಮಾತಾಡಬಹುದು, ಮನೆಗೆಲಸದವಳೂ ಮಾತಾಡಬಹುದು. ಆ ಪ್ರೇರಣೆ ಕೆಲವರನ್ನು ಮನೆಯಲ್ಲಿ ಕೂರಲು ಬಿಡುವುದಿಲ್ಲ. ಜೈಲಿನಲ್ಲಿರುವವರ ಬಳಿ ಹೋಗು, ಯುದ್ಧ ನಡೆದ ಊರಿಗೆ ಹೋಗು, ನೊಂದವರ ಜೊತೆ ಇರು ಅನ್ನುತ್ತೆ. ಹೀಗೆ ಒಳಗಿನ ಕರೆಗೆ ಓಗೊಟ್ಟು ಹೊರಡುವ ಯುವಜನರ ಖರ್ಚಿನ ವಿಚಾರವೇ ಇವತ್ತಿನ ವಿಚಾರ.

1654ರ ಲೆಕ್ಕದ ಪುಸ್ತಕ

ಮೊದಲ ಕ್ವೇಕರರು ಸಂಬಳದ ಪಾದ್ರಿಗಳ ಕಡು ವಿರೋಧಿಗಳು. ದೇವರ ಮಾತನ್ನು ಕಾಸಿಗೆ ಮಾರಬಾರದು ಅಂದರು. ಚರ್ಚಿಗೆ ಕಡ್ಡಾಯವಾಗಿ ಕೊಡಬೇಕಿದ್ದ ದಶಾಂಶ ಕೊಡದೆ ಜೈಲಿಗೆ ಹೋದರು, ಮನೆಯ ಸಾಮಾನು ಜಪ್ತಿ ಮಾಡಿಸಿಕೊಂಡರು.

ಅದೇ ಜನ 1654ರಲ್ಲಿ ಒಂದು ನಿಧಿ ಶುರು ಮಾಡಿದರು. ಉತ್ತರ ಇಂಗ್ಲೆಂಡಿನ ಕೆಂಡಲ್ ಎಂಬ ಪಟ್ಟಣದ ಹೆಸರಲ್ಲಿ ಅದು ಕೆಂಡಲ್ ನಿಧಿ. ಅದರ ಹಿಂದೆ ಇದ್ದವರು ಮಾರ್ಗರೆಟ್ ಫೆಲ್, ನ್ಯಾಯಾಧೀಶರೊಬ್ಬರ ಹೆಂಡತಿ, ದೊಡ್ಡ ಮನೆಯ ಯಜಮಾನಿ. ಊರೂರಿನ ಕ್ವೇಕರರು ಕೈಲಾದಷ್ಟು ಕೊಟ್ಟರು. ಯಾವುದಕ್ಕೆ ಖರ್ಚಾಯಿತು ಗೊತ್ತೇ? ಊರಿಂದೂರಿಗೆ ನಡೆಯುವವರ ಜೋಡಿಗೆ, ಬಟ್ಟೆಗೆ, ದಾರಿ ಖರ್ಚಿಗೆ. ಜೈಲಿಗೆ ಬಿದ್ದವರ ಅಗತ್ಯಗಳಿಗೆ.

ಮಾತಿಗೆ ಕೂಲಿ ಇಲ್ಲ, ಆದರೆ ನಡೆಯುವ ಕಾಲಿಗೆ ಜೋಡು ಕೊಡುತ್ತೇವೆ ಅಂದರು. ಎರಡರ ನಡುವಿನ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿತ್ತು. ಜಂಗಮ, ದಾಸೋಹ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ಹೊರಟವರು ಯಾರು? ಅವರಲ್ಲಿ ಅನೇಕರು ಯುವಜನರು. ಜೇಮ್ಸ್ ಪಾರ್ನೆಲ್ ಎಂಬ ಹುಡುಗ ಹದಿಹರೆಯದಲ್ಲೇ, ಜೈಲಿನಲ್ಲಿದ್ದ ಫಾಕ್ಸ್‌ನನ್ನು ನೋಡಲು ಕಾರ್ಲೈಲ್ ತನಕ ನಡೆದುಕೊಂಡು ಹೋದ. ಆಮೇಲೆ ತಾನೇ ಊರೂರು ತಿರುಗಿ ಮಾತಾಡಿದ. 1656ರಲ್ಲಿ ಕೋಲ್ಚೆಸ್ಟರ್ ಕೋಟೆಯ ಸೆರೆಯಲ್ಲಿ ಸತ್ತಾಗ ಅವನಿಗೆ 19 ವರ್ಷ. ಮೇರಿ ಫಿಶರ್ ಮನೆಗೆಲಸ ಮಾಡಿಕೊಂಡಿದ್ದ ಹೆಣ್ಣು. 1658ರಲ್ಲಿ ಅವಳು ತುರ್ಕಿಯ ಸುಲ್ತಾನನ ಎದುರು ನಿಂತು ಮಾತಾಡಿದಳು. ಸೇವೆ ಪುಕ್ಕಟೆ, ನಿನ್ನ ಖರ್ಚು ನೀನೇ ನೋಡಿಕೋ ಅಂದಿದ್ದರೆ ಮನೆಗೆಲಸದವಳು ಊರಿನ ಗಡಿ ದಾಟುತ್ತಿದ್ದಳಾ?

ಮುಂದೆ ಇದೇ ರೂಢಿ ಅಮೆರಿಕಕ್ಕೂ ಹೋಯಿತು. ಜಾನ್ ವುಲ್ಮನ್ ಎಂಬ ದರ್ಜಿ 1746ರಲ್ಲಿ, ತನ್ನ 25ನೇ ವಯಸ್ಸಿನಲ್ಲಿ, ದಕ್ಷಿಣದ ವಸಾಹತುಗಳಿಗೆ ಸೇವಾಯಾತ್ರೆ ಹೋದ. ಗುಲಾಮರನ್ನು ಇಟ್ಟುಕೊಂಡ ಮನೆಗಳಲ್ಲಿ ಉಂಡಾಗ ಅವನ ಮನಸ್ಸು ಕದಡಿತು. ಮುಂದಿನ ಯಾತ್ರೆಗಳಲ್ಲಿ ಅಂಥ ಮನೆಗಳ ಗುಲಾಮರ ಕೈಗೆ ತನ್ನ ಕಿಸೆಯಿಂದ ಬೆಳ್ಳಿ ನಾಣ್ಯ ಕೊಟ್ಟು ಬರುತ್ತಿದ್ದ. ಮನೆ ಮನೆಗೆ ಹೋಗಿ ಕೂತು ಮಾತಾಡಿದ. 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ತಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ ಅಂತ ನಿಷೇಧಿಸಿದರು. ಒಬ್ಬನಿಂದಲೇ ಆಗಿದ್ದಲ್ಲ. ಆದರೆ ಒಬ್ಬ ದರ್ಜಿಯ ಓಡಾಟವನ್ನು ಅದರಿಂದ ತೆಗೆದುಬಿಟ್ಟರೆ ಆ ಕಥೆ ಕುಂಟುತ್ತೆ.

ಈಗಿನ ಹುಡುಗರ ಪಾಡು

ಅಮೆರಿಕ ಅಂದರೆ ಎಲ್ಲರೂ ಡಾಲರ್ ಎಣಿಸುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿನ ವಿದ್ಯಾರ್ಥಿ ಸಾಲದ ಒಟ್ಟು ಮೊತ್ತ ಒಂದೂವರೆ ಲಕ್ಷ ಕೋಟಿ ಡಾಲರ್ ದಾಟಿದೆ. ಅಪ್ಪ ಅಮ್ಮನ ಆರೋಗ್ಯ ವಿಮೆಯಲ್ಲಿ ಮಕ್ಕಳು ಇರಬಹುದಾದದ್ದು 26 ತುಂಬುವ ತನಕ. ಆಮೇಲೆ ಹೆಚ್ಚಿನವರಿಗೆ ವಿಮೆ ಬೇಕೆಂದರೆ ನೌಕರಿ ಬೇಕು. ಜೊತೆಗೆ ಮನೆ ಬಾಡಿಗೆ. ಇಷ್ಟೆಲ್ಲ ಹೆಗಲ ಮೇಲಿರುವ ಹುಡುಗಿ ಆರು ತಿಂಗಳು ನಿರಾಶ್ರಿತರ ಜೊತೆ ಕೆಲಸ ಮಾಡುತ್ತೇನೆ ಅಂದರೆ, ಅವಳಿಗೆ ಬೇಕಾಗಿರುವುದು ಚಪ್ಪಾಳೆ ಅಲ್ಲ, ಬಾಡಿಗೆ.

ಇಂಥವರಿಗಾಗಿ ಕೆಲವು ನಿಧಿಗಳಿವೆ. ಒಂದು ಕ್ಲಾರೆನ್ಸ್ ಮತ್ತು ಲಿಲಿ ಪಿಕೆಟ್ ದಂಪತಿಯ ಹೆಸರಿನದ್ದು. ಕ್ಲಾರೆನ್ಸ್ ಪಿಕೆಟ್ ಅಮೆರಿಕದ ಕ್ವೇಕರ್ ಸೇವಾ ಸಮಿತಿಯನ್ನು 1929ರಿಂದ 1950ರವರೆಗೆ ನಡೆಸಿದವರು. 1947ರಲ್ಲಿ ಆ ಸಮಿತಿಗೂ ಬ್ರಿಟನ್ನಿನ ಕ್ವೇಕರ್ ಸೇವಾ ಮಂಡಳಿಗೂ ಒಟ್ಟಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2012ರಲ್ಲಿ ಶುರುವಾದ ಕ್ವೇಕರ್ ವಾಲಂಟರಿ ಸರ್ವಿಸ್ ಇನ್ನೊಂದು ದಾರಿ. ಅಲ್ಲಿ ಯುವಜನರು ಒಂದೇ ಮನೆಯಲ್ಲಿ ಸೇರಿ ಬದುಕುತ್ತಾರೆ, ಹಗಲು ಸೇವಾಸಂಸ್ಥೆಗಳಲ್ಲಿ ದುಡಿಯುತ್ತಾರೆ, ಕೈಖರ್ಚಿಗೆ ಸ್ವಲ್ಪ ಹಣ ಸಿಗುತ್ತೆ.

ಹಣಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅವರ ವಿಚಾರಿಸುವ ರೀತಿ. ಯಾರಿಗಾದರೂ ಒಳಗಿನ ಕರೆ ಬಂದಿದೆ ಅನ್ನಿಸಿದರೆ ಕ್ವೇಕರರಲ್ಲಿ ನಾಲ್ಕೈದು ಜನ ಜೊತೆಗೆ ಕೂರುತ್ತಾರೆ. ಉಪದೇಶ ಮಾಡುವಂತಿಲ್ಲ. ಪ್ರಶ್ನೆ ಮಾತ್ರ ಕೇಳಬೇಕು, ನಡುವೆ ಸುಮ್ಮನಿರಬೇಕು. ಇದು ನಿನ್ನ ಕರೆಯೋ, ಯಾರೋ ಹೊಗಳಿದ್ದಕ್ಕೆ ಬಂದ ಹುಮ್ಮಸ್ಸೋ? ಮನೆಯವರ ಗತಿ ಏನು? ಸೋತರೆ ಏನು ಮಾಡುತ್ತೀ? ಹೀಗೆ. ಹಿಂದೆ ಯಾತ್ರೆ ಹೊರಟವರ ಕೈಗೆ ಸಭೆಯ ಪತ್ರ ಕೊಡುತ್ತಿದ್ದರು, ಜೊತೆಗೊಬ್ಬ ಸಂಗಾತಿ ಹೋಗುತ್ತಿದ್ದ. ಆ ಸಭೆಗೆ ಆ ಹುಡುಗನ ಹೊಣೆ ಇತ್ತು.

ಮೂರು ತಕರಾರು

ಮೊದಲನೇ ತಕರಾರು: ದುಡ್ಡು ಕೊಟ್ಟರೆ ಸೇವೆ ನೌಕರಿ ಆಗುತ್ತೆ. ಇದಕ್ಕೆ ಕೆಂಡಲ್ ನಿಧಿಯೇ ಉತ್ತರ. ನೌಕರಿಯಲ್ಲಿ ಕೆಲಸಕ್ಕೆ ಬೆಲೆ ಕಟ್ಟುತ್ತಾರೆ. ಇಲ್ಲಿ ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ, ಕೆಲಸ ಮಾಡುವವಳ ದಾರಿಯ ಮುಳ್ಳು ತೆಗೆಯುತ್ತಾರೆ.

ಎರಡನೇದು: ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಹುಡುಗರು ದುಡ್ಡು ತಗೊಂಡು ಸುತ್ತಾಡಿ ಬರುತ್ತಾರೆ ಅನ್ನುವ ಭಯ. ಒಬ್ಬಿಬ್ಬರು ಹಾಗೆ ಮಾಡಿಯಾರು. ಆದರೆ ಮುಖ ಗೊತ್ತಿರುವ ನಾಲ್ಕು ಜನ ಎದುರು ಕೂತು ಪ್ರಶ್ನೆ ಕೇಳಿ ಕಳಿಸಿದ ಮೇಲೆ, ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ಸುಳ್ಳು ಬಿಲ್ ಹುಟ್ಟುವುದು ಯಾರಿಗೂ ಯಾರ ಮುಖವೂ ಗೊತ್ತಿಲ್ಲದ ಕಡೆ.

ಮೂರನೇದು: ಇಷ್ಟು ಚಿಕ್ಕ ಮೊತ್ತದಿಂದ ಏನಾಗುತ್ತೆ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಈ ತಕರಾರು ಮಾತ್ರ ಅರ್ಧ ನಿಜ. ಜಿಲ್ಲೆಯಲ್ಲಿ ಸುದ್ದಿ ಹುಡುಕಿ ತಿರುಗುವ ನಮ್ಮಂಥವರಿಗೆ ಸಣ್ಣ ದುಡ್ಡಿನ ತೂಕ ಗೊತ್ತು. ಪ್ರಕಟವಾದ ಸುದ್ದಿಗೆ ಇಷ್ಟು ಅಂತ ಕೊಡುವವರು ಪೆಟ್ರೋಲಿಗೆ ಕೊಡುವುದಿಲ್ಲ. ಹಾಗಾಗಿ ದೂರದ ಹಳ್ಳಿಯ ಸುದ್ದಿ ಪೇಪರಿಗೆ ಬರುವುದೇ ಇಲ್ಲ. ಒಂದು ಟ್ಯಾಂಕ್ ಪೆಟ್ರೋಲ್ ಯಾವ ಊರಿಗೆ ದನಿ ಸಿಗುತ್ತೆ ಅನ್ನೋದನ್ನು ತೀರ್ಮಾನಿಸುತ್ತೆ. ಸಣ್ಣ ಹಣ ಸರಿಯಾದ ಹೊತ್ತಿಗೆ ಸಿಕ್ಕರೆ ಸಣ್ಣದಲ್ಲ.

ಎಡವುತ್ತಿರುವುದು ಎಲ್ಲಿ?

ಉಳಿದರ್ಧವನ್ನೂ ಹೇಳಬೇಕಲ್ಲ. ಒಂದು ಸಲ ಕೊಟ್ಟು ಕೈ ತೊಳೆದುಕೊಂಡರೆ ಅದು ಬಹುಮಾನ, ಬೆಂಬಲ ಅಲ್ಲ. ಕರೆ ಆರು ತಿಂಗಳಿಗೆ ಮುಗಿಯುವುದಿಲ್ಲ, ಬಾಡಿಗೆಯೂ ಮುಗಿಯುವುದಿಲ್ಲ. ಮೊದಲ ವರ್ಷ ಬೆನ್ನು ತಟ್ಟಿ ಎರಡನೇ ವರ್ಷ "ಹೊಸಬರಿಗೆ ಅವಕಾಶ ಕೊಡಬೇಕು" ಅಂದರೆ, ಹೊಸಬರು ಬರುತ್ತಲೇ ಇರುತ್ತಾರೆ, ಹಳಬರು ಸುಸ್ತಾಗಿ ನೌಕರಿಗೆ ಹೋಗುತ್ತಲೇ ಇರುತ್ತಾರೆ. ಕಲಿತ ಅನುಭವ ಎಲ್ಲೂ ನಿಲ್ಲುವುದಿಲ್ಲ.

ಇನ್ನೊಂದು, ಅರ್ಜಿಯ ಭಾಷೆ. ಗುರಿ ಏನು, ಫಲಿತಾಂಶ ಏನು, ಎಷ್ಟು ಜನಕ್ಕೆ ತಲುಪಿತು ಅಂತ ಅಂಕಣ ತುಂಬಿಸುವ ಚಾಳಿ ಜಗತ್ತಿನ ದಾನಿಗಳಿಗೆಲ್ಲ ಅಂಟಿದೆ. ವುಲ್ಮನ್ ಅಂಥ ಅರ್ಜಿ ತುಂಬಿದ್ದರೆ ಮೊದಲ ವರ್ಷದ ಫಲಿತಾಂಶದಲ್ಲಿ ಸೊನ್ನೆ ಬರೆಯಬೇಕಿತ್ತು. 1746ರಿಂದ 1776ಕ್ಕೆ 30 ವರ್ಷ. ಅಷ್ಟರಲ್ಲಿ ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಮಾತು ಕೀನ್ಯಾದ್ದು. ಜಗತ್ತಿನಲ್ಲಿ ಸುಮಾರು 4 ಲಕ್ಷ ಕ್ವೇಕರರಿದ್ದಾರೆ. ಅವರಲ್ಲಿ ಅತಿ ಹೆಚ್ಚು ಜನ ಇರೋದು ಇಂಗ್ಲೆಂಡಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, ಕೀನ್ಯಾದಲ್ಲಿ. ಹಳೇ ನಿಧಿ, ಹಳೇ ಕಟ್ಟಡ, ಬ್ಯಾಂಕಿನ ಠೇವಣಿ ಇರೋದು ಮಾತ್ರ ಅಮೆರಿಕ, ಬ್ರಿಟನ್ನುಗಳಲ್ಲಿ. ಅಲ್ಲಿನ ಸಭೆಗಳಲ್ಲಿ ತಲೆ ನರೆತವರೇ ಹೆಚ್ಚು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ನಮ್ಮ ಅಜ್ಜಿಯರು ಹೇಳಿದ್ದು ಇದನ್ನೇ.

ಆದ್ದರಿಂದ ನನ್ನ ವಾದ ಇಷ್ಟು. ಈ ಸಣ್ಣ ನಿಧಿಗಳು ನಿಲ್ಲಬಾರದು, ಬೆಳೆಯಬೇಕು. ಒಬ್ಬರಿಗೆ ಕೊಟ್ಟರೆ ಎರಡು ಮೂರು ವರ್ಷ ಕೈ ಬಿಡಬಾರದು. ಫಲಿತಾಂಶದ ಪಟ್ಟಿ ಕೇಳುವ ಬದಲು ಮೂರು ತಿಂಗಳಿಗೊಮ್ಮೆ ಎದುರು ಕೂರಿಸಿಕೊಂಡು ಕೇಳಬೇಕು. ಹಣ ಇರುವ ಕಡೆಯಿಂದ ಜನ ಇರುವ ಕಡೆಗೆ ಹರಿಯಬೇಕು, ಯಾರಿಗೆ ಕೊಡಬೇಕು ಅನ್ನೋ ತೀರ್ಮಾನವನ್ನು ಆ ಜನರ ಕೈಗೇ ಬಿಡಬೇಕು. ಕಟ್ಟಡಕ್ಕೆ ಸುಣ್ಣ ಹೊಡೆಸುವ ದುಡ್ಡಿನಲ್ಲಿ ಒಂದು ಪಾಲು ನಡೆಯುವ ಕಾಲುಗಳಿಗೆ ಹೋಗಲಿ. ಇದು ಭಿಕ್ಷೆ ಅಲ್ಲ, 1654ರಲ್ಲಿ ಅವರ ಹಿರಿಯರೇ ಹಾಕಿಕೊಟ್ಟ ಪದ್ಧತಿ.

ಇದನ್ನು ಓದುತ್ತಿರುವ ನಿಮಗೆ ಕ್ವೇಕರರಿಂದ ಏನೂ ಆಗಬೇಕಿಲ್ಲ, ಅವರಿಗೂ ನಿಮ್ಮಿಂದ ಏನೂ ಆಗಬೇಕಿಲ್ಲ. ಆದರೆ ನಿಮ್ಮೂರಲ್ಲೂ ಸಂಜೆ ಮಕ್ಕಳಿಗೆ ಪಾಠ ಹೇಳುವ ಹುಡುಗಿ ಒಬ್ಬಳಿರುತ್ತಾಳೆ. ವಯಸ್ಸಾದವರನ್ನು ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ಹುಡುಗ ಇರುತ್ತಾನೆ. ಮುಂದಿನ ಸಲ ಅವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವ ಮುಂಚೆ ಒಂದು ಮಾತು ಕೇಳಿ. ಪೆಟ್ರೋಲಿಗೆ ಏನು ಮಾಡ್ತಿದ್ದೀಯಪ್ಪಾ? ಚಾಕ್‌ಪೀಸು ಯಾರು ತರ್ತಾರಮ್ಮ? ಕೇಳಿ ಸುಮ್ಮನಾಗಬೇಡಿ, ಕಿಸೆಗೆ ಕೈ ಹಾಕಿ.