ಸೂಜಿಗೆ ದಾರ ಪೋಣಿಸುವ ಬೇಸಿಗೆ



ಮಧ್ಯಾಹ್ನದ ಎರಡು ಗಂಟೆ. ಊಟದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ ಆಯಿತು. ಗಂಡಸರು ಒಂದು ನಿದ್ದೆ ತೆಗೆಯಲು ಹೋದರು. ಹೊರಗೆ ನೋಡಿದರೆ ಕಣ್ಣು ಕುಕ್ಕುವ ಬಿಸಿಲು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕರೆಂಟೂ ಹೋಗಿದೆ ಎನ್ನಿ! ಆದರೂ ನನ್ನನ್ನು ಕೇಳಿದರೆ, ಇಡೀ ದಿನದಲ್ಲಿ ನಮ್ಮದು ಅಂತ ಇರುವುದು ಇದೊಂದೇ ಹೊತ್ತು. ಯಾರೂ ಕಾಫಿ ಕೇಳುವುದಿಲ್ಲ, ಯಾರೂ ಬಾಗಿಲು ಬಡಿಯುವುದಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೈಯಲ್ಲೊಂದು ಕೆಲಸ ಹಿಡಿದು ಕೂತರೆ ನಾಲ್ಕು ಗಂಟೆ ಆದದ್ದೇ ಗೊತ್ತಾಗುವುದಿಲ್ಲ.

ನಾನು ಹುಟ್ಟಿದ್ದು ಹಾಸನದ ಕಡೆ, ಸೇರಿದ್ದು ಗದಗದ ಕಡೆಯ ಒಂದು ಸಣ್ಣ ಊರು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಈ ಎರೆಮಣ್ಣಿನ ನೆಲ ಬಾಯಿ ಬಿಟ್ಟುಕೊಂಡು ಬಿರಿದದ್ದನ್ನು ನೋಡಿ ಅತ್ತೇಬಿಟ್ಟಿದ್ದೆ. ಈಗ ಮೂವತ್ತು ವರ್ಷದ ಮೇಲಾಯಿತು. ಇಲ್ಲಿನ ಬಿಸಿಲಿನಲ್ಲೂ ಒಂದು ಸುಖವಿದೆ ಎಂದು ತೋರಿಸಿಕೊಟ್ಟವರು ನಮ್ಮ ಅತ್ತೆ, ಮಾವ. ಈ ಸಲ ಬರೆಯುತ್ತಿರುವುದು ಅವರಿಬ್ಬರ ವಿಷಯವೇ. ನಡುವೆ ಒಂದು ಬೆಕ್ಕೂ ಬರುತ್ತದೆ.

ಮಾವನವರು ತೀರಿಕೊಂಡದ್ದು ಹೋದ ವರ್ಷದ ದೀಪಾವಳಿಗೆ ಮುಂಚೆ. ಹಿತ್ತಿಲು ಅವರದೇ ರಾಜ್ಯವಾಗಿತ್ತು. ಹೂವಿನ ಹಡಗಲಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮಲ್ಲಿಗೆ ಗಿಡ, ಎರಡು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹೋಗುವ ಕಡೆ ಬಾಳೆ. ಅವರು ಹೋದ ಮೇಲೆ ಅತ್ತೆ ಹಿತ್ತಿಲ ಬಾಗಿಲ ಕಡೆ ತಿರುಗಿ ಕೂಡುವುದನ್ನೇ ಬಿಟ್ಟರು. ಮಾತೂ ಕಡಿಮೆಯಾಯಿತು. ಉಂಡಿರಾ ಎಂದರೆ ಹೂಂ, ಬೇಕಾ ಎಂದರೆ ಊಹೂಂ. ಎಂಬತ್ತು ವರ್ಷದ ಹಿರಿಯರಿಗೆ ನಾವೇನು ಸಮಾಧಾನ ಹೇಳುವುದು, ಹೇಳಿ?

ಫೆಬ್ರವರಿ ಮುಗಿಯುವ ಹೊತ್ತಿಗೆ ಮಲ್ಲಿಗೆ ಎಲೆ ಉದುರಿಸತೊಡಗಿತು. ನಮ್ಮಲ್ಲಿ ನಳದ ನೀರು ಬರುವುದೇ ಎಂಟು ದಿನಕ್ಕೊಮ್ಮೆ, ಗಿಡಕ್ಕೆ ಎಲ್ಲಿಂದ ತರೋಣ ಎಂದು ನಾನೂ ಕೈ ಚೆಲ್ಲಿದ್ದೆ. ಒಂದು ದಿನ ಕಳೆ ಕೀಳುತ್ತಿದ್ದಾಗ ಬುಡದ ಪಕ್ಕದಲ್ಲಿ ಏನೋ ಠಣ್ ಎಂದಿತು. ಮಾವನವರು ಕುತ್ತಿಗೆಯವರೆಗೆ ಹೂಳಿಟ್ಟ ಮಣ್ಣಿನ ಗಡಿಗೆ! ಮುಚ್ಚಳದ ಮೇಲೆ ಮಣ್ಣು ಕೂತು ಕಾಣದಂತಾಗಿತ್ತು.

ಈ ಉಪಾಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಣ್ಣ, ಹೊಳಪು ಏನೂ ಬಳಿಯದ ಸಾದಾ ಮಣ್ಣಿನ ಗಡಿಗೆಯನ್ನು ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಹೂಳಬೇಕು. ಬಾಯಿ ಮಾತ್ರ ಮೇಲಿರಲಿ. ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಿಗಿಯಾಗಿ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಗಡಿಗೆಯ ಮೈಯಿಂದ ನೀರು ಒಸರಿ ಸೀದಾ ಬೇರಿಗೆ ಸೇರುತ್ತದೆ. ಮೇಲಿನಿಂದ ಸುರಿದ ನೀರಿನ ಹಾಗೆ ಬಿಸಿಲಿಗೆ ಆರಿಹೋಗುವುದಿಲ್ಲ. ನಮ್ಮ ಗಡಿಗೆ ಐದು ಲೀಟರ್ ಹಿಡಿಯುತ್ತದೆ, ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ವರ್ಷಗಳು ಕಳೆದಂತೆ ಗಡಿಗೆಯ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಗ ತೆಗೆದು ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಮತ್ತೆ ಹೂಳಿ. ಬುಡಕ್ಕೆ ಒಣಗಿದ ಎಲೆ, ತೆಂಗಿನ ಸಿಪ್ಪೆ ಹೊದಿಸಿ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಒಂದು ಚೊಂಬೂ ಮೋರಿಗೆ ಹೋಗದಿರಲಿ. ಸಾಬೂನಿನ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಹಾಕಬೇಡಿ.

ಹದಿನೈದು ದಿನದಲ್ಲಿ ಮಲ್ಲಿಗೆ ಚಿಗುರಿತು. ಅತ್ತೆಗೆ ಹೇಳಿದೆ. "ಹೂಂ" ಎಂದರು, ಅಷ್ಟೇ.

ಇನ್ನು ಬೆಕ್ಕಿನ ಕಥೆ. ಕಪ್ಪು, ಬಿಳಿ, ಕೆಂಪು ಮೂರೂ ಬಣ್ಣ ತೇಪೆ ಹಾಕಿದಂತಿರುವ ಬೆಕ್ಕು ನಮ್ಮದು. ಅದಕ್ಕೇ ಅತ್ತೆ ಮೊದಲೇ 'ಕೌದಿ' ಎಂದು ಹೆಸರಿಟ್ಟಿದ್ದರು. ಇಂಥ ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಹೆಣ್ಣೇ ಆಗಿರುತ್ತದೆ. ಮಾವನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಾಲಿನ ಪಾತ್ರೆಗೆ ಬಾಯಿ ಹಾಕುತ್ತದೆಂದು ಕೋಲು ಹಿಡಿದು ಅಟ್ಟುತ್ತಿದ್ದರು. ಮಾರ್ಚ್ ಕೊನೆಯಲ್ಲಿ ಎರಡು ದಿನ ಕೌದಿ ಕಾಣಲಿಲ್ಲ. ಹುಡುಕಿದರೆ ಅಟ್ಟದ ಕೆಳಗೆ, ಅರ್ಧ ತೆರೆದ ಟ್ರಂಕಿನಲ್ಲಿ ನಾಲ್ಕು ಮರಿ ಹಾಕಿ ಮಲಗಿದೆ. ಯಾವ ಟ್ರಂಕು ಗೊತ್ತೇ? ಮಾವನವರ ಆರು ಧೋತರ ಮಡಿಸಿಟ್ಟದ್ದು! ಯಾರಿಗೂ ಕೊಡಲು ಮನಸ್ಸಾಗದೆ, ಕಣ್ಣೆದುರು ಇಡಲೂ ಆಗದೆ ಹಾಗೇ ಬಿಟ್ಟಿದ್ದ ಟ್ರಂಕು.

ನನಗೆ ಎದೆ ಧಸಕ್ಕೆಂದಿತು. ಅತ್ತೆ ಏನನ್ನುವರೋ ಎಂದು ಹೆದರುತ್ತಲೇ ಕರೆದೆ. ಅವರು ಗೋಡೆ ಹಿಡಿದು ಬಂದು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಅವರಿದ್ದಾಗ ನಿನ್ನ ಕಂಡ್ರ ಆಗ್ತಿದ್ದಿಲ್ಲ. ಈಗ ಅವರ ಧೋತರದ ಮ್ಯಾಲನ ಬಾಣಂತನ ಮಾಡಿಸ್ಕೊಳ್ಳಾಕ ಬಂದಿ ಏನ?" ಎಂದು ಬೆಕ್ಕನ್ನೇ ಕೇಳಿದರು. ಕೇಳಿ ನಕ್ಕರು. ನಗುತ್ತ ನಗುತ್ತಲೇ ಅತ್ತರು. ಐದು ತಿಂಗಳಲ್ಲಿ ಅವರು ಆಡಿದ ಉದ್ದದ ಮಾತು ಅದು.

ಮರುದಿನ ಬೆಳಿಗ್ಗೆ ತಾವಾಗಿಯೇ ಹೇಳಿದರು: "ಅದರ ಕೆಳಗಿನ ಧೋತರ ಅದಕ್ಕ ಇರಲಿ. ಉಳಿದದ್ದು ತಗದು ತೊಳದು ಹಾಕವಾ. ಕೂಸಿಗೆ ಕೌದಿ ಹೊಲೀತೀನಿ."

ಕೂಸು ಎಂದರೆ ನನ್ನ ಮಗಳ ಕೂಸು. ಆಗ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ಬೆಳಗಾವಿಯಿಂದ ನಮ್ಮಲ್ಲಿಗೇ ಬರುವವಳು.

ಕೌದಿ ಎಂದರೆ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳೇ ಮೈಸೂರಿನ ಸಹೋದರಿಯರಿಗಾಗಿ ಬರೆಯುತ್ತೇನೆ. ಉಟ್ಟು ಮೆತ್ತಗಾದ ಹತ್ತಿ ಸೀರೆ, ಧೋತರಗಳನ್ನು ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಎಲ್ಲ ಪದರಗಳನ್ನೂ ಹಿಡಿಯುವಂತೆ ಕೈಯಿಂದ ಸಾಲು ಸಾಲಾಗಿ ಹೊಲಿಯುವ ಹೊದಿಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿ ಇನ್ನೂ ಚೆಂದ. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ತ್ರಿಕೋನದ 'ಫುಲಾ' ಹಚ್ಚುತ್ತಾರೆ, ಹೂವು ಎಂದು ಅರ್ಥ. ಆ ಹೂವಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ.

ಕೂಸಿನ ಕೌದಿಗೆ ಒಂದು ಗಜ ಅಗಲ, ಒಂದೂಕಾಲು ಗಜ ಉದ್ದ ಸಾಕು. ನೈಲಾನ್, ಪಾಲಿಯೆಸ್ಟರ್ ಬೇಡವೇ ಬೇಡ, ಬೆವರು ಹೀರುವುದಿಲ್ಲ. ತುಂಡುಗಳನ್ನು ಮೊದಲೇ ತೊಳೆದು ಬಿಸಿಲಿಗೆ ಹಾಕಿ. ಕೆಂಪು ಬಟ್ಟೆಯನ್ನು ಒದ್ದೆ ಮಾಡಿ ಬಿಳಿಯ ಮೇಲೆ ಉಜ್ಜಿ, ಬಣ್ಣ ಬಿಡುವುದೋ ನೋಡಿಕೊಳ್ಳಿ. ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡೇ ಒಳಹೊಲಿಗೆಗೆ ಕೈಹಚ್ಚಬೇಕು. ಇಲ್ಲದಿದ್ದರೆ ನಡುವೆ ಗಂಟು ಕೂರುತ್ತದೆ, ಕೂಸಿನ ಬೆನ್ನಿಗೆ ಒತ್ತುತ್ತದೆ.

ಅತ್ತೆಯ ಬೆರಳು ಮರೆತಿರಲಿಲ್ಲ, ಆದರೆ ಕಣ್ಣು ಸೋತಿದೆ. ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಪ್ರತಿ ಸಲ "ಇಷ್ಟು ಪೋಣಿಸಿ ಕೊಡವಾ" ಎಂದು ಕೇಳಲು ಅವರಿಗೆ ಸಂಕೋಚ. ಅದಕ್ಕೆ ನಾನು ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಹಾಕಿ, ಒಂದು ಬಟ್ಟೆಯ ದಿಂಬಿಗೆ ಸಾಲಾಗಿ ಚುಚ್ಚಿ ಇಡತೊಡಗಿದೆ. ಒಂದು ಮುಗಿದರೆ ಇನ್ನೊಂದು. ನಿಮ್ಮ ಮನೆಯಲ್ಲೂ ಹೊಲಿಗೆ ಬಲ್ಲ ಹಿರಿಯರು ಸುಮ್ಮನೆ ಕೂತಿದ್ದರೆ ಹೀಗೆ ಮಾಡಿ ನೋಡಿ. ಅವರು ಬಿಟ್ಟದ್ದು ಕೆಲಸವನ್ನಲ್ಲ, ಕೇಳುವುದನ್ನು.

ಅವರ ಪಕ್ಕದಲ್ಲಿ ನನ್ನದು ಹೆಣಿಗೆ. "ಬೇಸಿಗ್ಯಾಗ ಟೊಪಗಿ ಹೆಣೀತಾಳ ನೋಡ್ರಿ!" ಎಂದು ನಗುತ್ತಾರೆ. ನಗಲಿ. ಜೂನಿನಲ್ಲಿ ಕೂಸು ಹುಟ್ಟಿ, ತಾಯಿ ಮಗು ಬೆಳಗಾವಿಗೆ ಹೋಗುವ ಹೊತ್ತಿಗೆ ಅಲ್ಲಿ ಬಿಡದೆ ಸುರಿಯುವ ಮಳೆ, ಥಂಡಿ. ಆಗ ಹೆಣೆಯಲು ಕೂತರೆ ಟೊಪ್ಪಿಗೆ ಮುಗಿಯುವಷ್ಟರಲ್ಲಿ ಕೂಸಿನ ತಲೆ ದೊಡ್ಡದಾಗಿರುತ್ತದೆ! ಬೆವರುವ ಕೈಗೆ ಉಲ್ಲನ್ ಅಂಟುತ್ತದೆ, ಅದಕ್ಕೆ ಈಗ ಹತ್ತಿಯ ನೂಲು ಹಿಡಿದಿದ್ದೇನೆ. ಹೊಸದಾಗಿ ಕಲಿಯುವವರಿಗೆ ಒಂದು ಸುಲಭದ ಲೆಕ್ಕ: ಎಲ್ಲ ಸಾಲನ್ನೂ ಸೀದಾ ಹೆಣಿಗೆಯಲ್ಲೇ ಹೆಣೆದರೆ, ಸೂಜಿಯ ಮೇಲೆ ಎಷ್ಟು ಕುಣಿಕೆಯೋ ಅದರ ಎರಡರಷ್ಟು ಸಾಲು ಹಾಕಿದಾಗ ಸರಿಯಾದ ಚೌಕ ಬರುತ್ತದೆ. 40 ಕುಣಿಕೆಗೆ 80 ಸಾಲು. ಇಂಥ ಚೌಕಗಳನ್ನು ಜೋಡಿಸಿದರೆ ಕೂಸಿಗೆ ಹೊದಿಕೆ, ಒಂದೇ ಉಳಿದರೆ ಬಿಸಿ ಪಾತ್ರೆ ಹಿಡಿಯಲು.

ಒಂದು ಎಚ್ಚರಿಕೆ. ಬೆಕ್ಕಿನ ಮರಿಯೂ ನೂಲುಂಡೆಯೂ ಜೊತೆಗಿದ್ದರೆ ನೋಡಲು ಚೆಂದ, ಆದರೆ ದಾರ ನುಂಗಿದರೆ ಮರಿಯ ಜೀವಕ್ಕೇ ಕುತ್ತು. ಮೊನ್ನೆ ಒಂದು ಮರಿಯ ಬಾಯಿಂದ ದಾರದ ತುದಿ ಜೋತಾಡುತ್ತಿತ್ತು. ನಾನು ಎಳೆಯಲು ಹೋದೆ. ದನದ ಡಾಕ್ಟರು ಫೋನಿನಲ್ಲೇ "ಎಳೀಬ್ಯಾಡ್ರಿ, ಒಳಗ ಕರುಳು ಕೊಯ್ತೈತಿ, ಹಂಗ ತಗೊಂಡು ಬರ್ರಿ" ಎಂದರು. ಪುಣ್ಯಕ್ಕೆ ಒಂದು ಗೇಣು ದಾರ ಮಾತ್ರ, ಸೂಜಿ ಇರಲಿಲ್ಲ. ಅಂದಿನಿಂದ ಎದ್ದು ಹೋಗುವಾಗ ಸೂಜಿ ದಾರವೆಲ್ಲ ಡಬ್ಬಿಯೊಳಗೆ. ಮರಿ ಹಾಕಿದ ಬೆಕ್ಕಿಗೆ ಹಾಲು ಸುರಿಯುವವರೂ ಗಮನಿಸಿ: ಬೆಳೆದ ಎಷ್ಟೋ ಬೆಕ್ಕುಗಳಿಗೆ ಆಕಳ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಬೇಕಾದದ್ದು ನೆರಳಿನಲ್ಲಿ ಒಂದು ಬಟ್ಟಲು ತಣ್ಣನೆಯ ನೀರು.

ಕೌದಿ ಅರ್ಧ ಮುಗಿದಾಗ ಬೆಳಗಾವಿಯ ಬೀಗತಿಯ ಫೋನು ಬಂತು. ಎರಡು ಮಾತು. ಒಂದು, ಬಸುರಿ ಇರುವ ಮನೆಯಲ್ಲಿ ಬೆಕ್ಕು ಬೇಡ. ಎರಡು, ತೀರಿಕೊಂಡವರ ಬಟ್ಟೆ ಎಳೆಗೂಸಿಗೆ ಹೇಗೆ?

ಮೊದಲನೆಯದಕ್ಕೆ ಉತ್ತರ ಡಾಕ್ಟರಮ್ಮನಿಂದಲೇ ಸಿಕ್ಕಿತು. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿ ಇರಬಹುದು, ಬಸುರಿಯಾಗಿದ್ದಾಗ ಅದು ತಗುಲಿದರೆ ಹೊಟ್ಟೆಯೊಳಗಿನ ಕೂಸಿಗೆ ತೊಂದರೆಯಾಗಬಹುದು. ಆದ್ದರಿಂದ ಬಸುರಿಯರು ಬೆಕ್ಕಿನ ಹೊಲಸು ಬಳಿಯಬಾರದು. ಬೇರೆಯವರು ಅದನ್ನು ದಿನಾ ತೆಗೆಯಬೇಕು, ಏಕೆಂದರೆ ಆ ಜೀವಿ ಅಂಟುವ ಸ್ಥಿತಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಹಿತ್ತಿಲ ಮಣ್ಣು ಮುಟ್ಟುವಾಗ ಕೈಚೀಲ ಹಾಕಿಕೊಳ್ಳಬೇಕು, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಸೊಪ್ಪನ್ನು ಚೆನ್ನಾಗಿ ತೊಳೆದು ತಿನ್ನಬೇಕು. ಇಷ್ಟು ಮಾಡಿದರೆ ಬೆಕ್ಕನ್ನು ಮನೆಯಿಂದ ಹೊರಗಟ್ಟಬೇಕಾಗಿಲ್ಲ ಎಂದರು.

ಎರಡನೆಯದಕ್ಕೆ ಯಾವ ಡಾಕ್ಟರು ಉತ್ತರ ಹೇಳುತ್ತಾರೆ? ಅತ್ತೆ ಮಾತು ಕೇಳಿಸಿಕೊಂಡರು. ಸೂಜಿಯನ್ನು ದಿಂಬಿಗೆ ಚುಚ್ಚಿ, "ಅವರ ಮನಸ್ಸಿಗೆ ಬ್ಯಾಡಂದ್ರ ಬ್ಯಾಡ. ನನಗ ಹಾಸ್ಕೊಳ್ಳಾಕ ಆಗತೈತಿ" ಎಂದು ಮಡಿಸಿಟ್ಟರು. ಎರಡು ದಿನ ಮುಟ್ಟಲಿಲ್ಲ. ನನಗೋ ಮತ್ತೆ ಆ ಹೂಂ, ಊಹೂಂ ಶುರುವಾದೀತೆಂಬ ಭಯ. ಬೀಗತಿಯನ್ನು ತಪ್ಪೆನ್ನಲೂ ಆಗದು. ಅವರವರ ಮನೆಯ ನಂಬಿಕೆ ಅವರವರಿಗೆ. ಕೊನೆಗೆ ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಅಜ್ಜನ ಧೋತರ ಹಿಡ್ಕೊಂಡೇ ನಾನು ನಡೆಯೋಕೆ ಕಲಿತದ್ದಂತಲ್ಲಮ್ಮಾ. ನಾನೇ ಮಾತಾಡ್ತೀನಿ ಬಿಡು" ಎಂದಳು.

ಅವಳು ಅಲ್ಲಿ ಏನು ಹೇಳಿದಳೋ ತಿಳಿಯದು. ಮೂರನೇ ದಿನ ಬೀಗತಿಯ ಫೋನು, ಅದೂ ನೇರವಾಗಿ ಅತ್ತೆಗೇ. "ಬಿಸಿನೀರಾಗ ತೊಳದು ಎರಡು ದಿನ ಜೋರು ಬಿಸಲಿಗೆ ಹಾಕಿ ಕಳಸ್ರಿ, ಸಾಕು" ಎಂದರಂತೆ.

ಅತ್ತೆಗೆ ಸಿಟ್ಟು ಬಂತು ನೋಡಿ! "ನಾ ಏನು ಹೊಲಸು ಅರಬಿ ಹೊಲ್ಯಾಕಿ ಏನ? ಬಿಸಲಿಗೆ ಹಾಕೂದು ನನಗ ಹೇಳಿಕೊಡ್ತಾಳ!" ಎಂದು ಗೊಣಗುತ್ತಲೇ ಕೌದಿ ಬಿಚ್ಚಿದರು. "ಸೂಜಿ ಎಲ್ಲಿ ಇಟ್ಟಿ?" ಎಂದರು. ಆ ಸಿಟ್ಟು ನನಗೆ ಹೋಳಿಗೆ ಉಂಡಷ್ಟು ಹಿತವಾಯಿತು.

ಇದನ್ನು ಬರೆಯುವಾಗ ಭರಣಿ ಮಳೆಯ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನಿನ್ನೆ ಸಂಜೆ ಗುಡುಗಿ ನಾಲ್ಕು ಹನಿ ಬಿತ್ತು. ಮಣ್ಣಿನ ವಾಸನೆ, ಮಲ್ಲಿಗೆಯ ವಾಸನೆ ಎರಡೂ ಒಟ್ಟಿಗೇ ಒಳಗೆ ಬಂದವು. ಅತ್ತೆ ತಾವೇ ಎದ್ದು ಹೋಗಿ ಹಿತ್ತಿಲ ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತರು. ತೊಡೆಯ ಮೇಲೆ ಕೌದಿ, ಕೌದಿಯ ಮೇಲೆ ಕೌದಿ! ಇನ್ನು ಹತ್ತು ಸಾಲು ಹೊಲಿಗೆ ಬಾಕಿ ಇದೆ, ಎರಡು ಮರಿಗೆ ಮನೆ ಹುಡುಕುವುದು ಬಾಕಿ ಇದೆ. ಎಂಟು ವಾರ ತುಂಬದೆ ಯಾರಿಗೂ ಕೊಡುವುದಿಲ್ಲ ಎಂದಿದ್ದೇನೆ.

ನಿಮ್ಮ ಟ್ರಂಕಿನಲ್ಲೂ ಕೊಡಲಾಗದ, ಇಡಲಾಗದ ಬಟ್ಟೆ ಇರಬಹುದು. ಈ ಬೇಸಿಗೆಯ ಒಂದು ಮಧ್ಯಾಹ್ನ ತೆಗೆದು ನೋಡಿ. ಕತ್ತರಿ ಹಾಕುವ ಧೈರ್ಯ ಬಾರದಿದ್ದರೆ ಹಾಗೇ ಮಡಿಸಿಡಿ, ಅವಸರವಿಲ್ಲ. ಬಂದರೆ, ನಾಳೆ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ.

ಮುಂದಿನ ಸಂಚಿಕೆಯಲ್ಲಿ ಬಾಣಂತಿಗೆ ಅಂಟಿನುಂಡೆ ಕಟ್ಟುವ ಬಗೆ ಬರೆಯುತ್ತೇನೆ. ಅಷ್ಟರೊಳಗೆ ನಾನೂ ಅದನ್ನು ಕಟ್ಟಲೇಬೇಕಲ್ಲ!

ಇತಿ,
ನಿಮ್ಮ ಅಕ್ಕ