ಕಾಫಿಯಲ್ಲಿ ಫಿಲ್ಮು ತೊಳೆಯುವ ವಿದ್ಯೆ

ಕಾಫಿಯ ಪುಡಿಯಿಂದ ಛಾಯಾಚಿತ್ರದ ಫಿಲ್ಮನ್ನು ತೊಳೆಯಬಹುದೆಂದು ಹೇಳಿದರೆ, ಸುತ್ತಲೂ ಕಾಫಿಯ ತೋಟಗಳೇ ತುಂಬಿರುವ ಬಣಕಲ್ಲಿನಂತಹ ಊರಿನಲ್ಲಿ ವಿದ್ಯಾರ್ಥಿಗಳು ಮೊದಲು ನಗುತ್ತಾರೆ, ಅನಂತರ ನಂಬಿಬಿಡುತ್ತಾರೆ. ನಕ್ಕರೆ ಕೆಡುವುದೇನೂ ಇಲ್ಲ. ಅಳೆದು ನೋಡದೆ ನಂಬಿಬಿಡುವುದು ಮಾತ್ರ ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವಂತಹುದಲ್ಲ.

ಸಂಗತಿಯೇನೋ ನಿಜ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಅಧ್ಯಾಪಕರೂ ಅವರ ತರಗತಿಯವರೂ ಕಾಫಿ ಮತ್ತು ಸೋಡಾಗಳಿಂದ ಡೆವಲಪರನ್ನು ತಯಾರಿಸಿ ತೋರಿಸಿದರು. ಕೆಫೆನಾಲ್ ಎಂಬುದು ಅದರ ಹೆಸರು. ಹೆಸರನ್ನು ಕೇಳಿ ಕೆಫೀನೇ ಈ ಕೆಲಸವನ್ನು ಮಾಡುತ್ತದೆಂದು ಎಣಿಸಬಾರದು. ಬೆಳಕು ತಾಕಿದ ಬೆಳ್ಳಿಯ ಲವಣದ ಹರಳುಗಳಿಗೆ ಎಲೆಕ್ಟ್ರಾನುಗಳನ್ನು ಒದಗಿಸಿ, ಅವನ್ನು ಕಪ್ಪು ಬೆಳ್ಳಿಯನ್ನಾಗಿ ಅಪಕರ್ಷಿಸುವುದು ಕಾಫಿಯಲ್ಲಿರುವ ಕೆಫೆಯಿಕ್ ಆಮ್ಲ ಮತ್ತು ಅದರ ಬಳಗದ ಫಿನಾಲುಗಳು. ಅದೂ ಕ್ಷಾರದ ನೆರವಿದ್ದರೆ ಮಾತ್ರ. ಬೆಳಕು ತಾಕದ ಹರಳುಗಳೂ ಸಾಕಷ್ಟು ಹೊತ್ತು ಕೊಟ್ಟರೆ ಕಪ್ಪಾಗದೆ ಇರವು. ಆದುದರಿಂದ ಫಿಲ್ಮು ತೊಳೆಯುವುದೆಂದರೆ ಒಂದು ಓಟದ ಪಂದ್ಯವನ್ನು ತಕ್ಕ ಗಳಿಗೆಯಲ್ಲಿ ನಿಲ್ಲಿಸುವುದೇ ಸರಿ.

ಈ ಹಳೆಯ ವಿದ್ಯೆಯನ್ನು ನಮ್ಮ ಹುಡುಗರೂ ಹುಡುಗಿಯರೂ ಈಗ ಕಲಿಯಬೇಕೆಂದು ನಾನು ವಾದಿಸುವುದಕ್ಕೆ ಚಿತ್ರದ ಚೆಲುವು ಕಾರಣವಲ್ಲ. ಕಾಲೇಜಿನಲ್ಲಿ ಲೋಲಕವನ್ನು ತೂಗಾಡಿಸಿ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವವರಿಗೆ ಉತ್ತರ 9.8 ಎಂಬುದು ಮೊದಲೇ ಗೊತ್ತು. ಅಂಕಿಗಳು ಹೊಂದದಿದ್ದರೆ ಹೊಂದಿಸಿದರಾಯಿತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವಂತೂ ಹೇಗೂ ಸಿಗುತ್ತದೆ. ಇಂತಹ ಪ್ರಯೋಗದಿಂದ ಕೈಬರಹವಷ್ಟೇ ಸುಧಾರಿಸೀತು. ತೊಟ್ಟಿಯಿಂದ ಹೊರಗೆ ತೆಗೆದ ಫಿಲ್ಮಾದರೋ ಯಾರ ದಾಕ್ಷಿಣ್ಯವನ್ನೂ ನೋಡುವುದಿಲ್ಲ.

ಬಟ್ಟೆ ಒಗೆಯುವ ಸೋಡಾವನ್ನೇ ತೆಗೆದುಕೊಳ್ಳಿ. ಬಳಕೆಯಲ್ಲಿರುವ ಒಂದು ಪಾಕದಂತೆ ಒಂದು ಲೀಟರು ನೀರಿಗೆ 54 ಗ್ರಾಂ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟೆಂಟ್ ಕಾಫಿ. ಒಂದು ಕರಗಿದ ಮೇಲೆ ಮತ್ತೊಂದು. 20 ಡಿಗ್ರಿಯಲ್ಲಿ 15 ನಿಮಿಷ. ಇಲ್ಲಿ ಹೇಳಿರುವುದು ನೀರಿಲ್ಲದ ಸೋಡಾ. ಅದರ ಅಣುತೂಕ 106. ಹರಳಿನ ರೂಪದ ಸೋಡಾದಲ್ಲಿ ಒಂದೊಂದು ಅಣುವಿನೊಡನೆ ಹತ್ತು ನೀರಿನ ಅಣುಗಳಿರುವುದರಿಂದ ತೂಕ 286. ಅಂದರೆ 54 ಗ್ರಾಮಿನ ಬದಲು 146 ಗ್ರಾಂ ಬೇಕು. ಇದನ್ನು ಲೆಕ್ಕಿಸದವರ ಫಿಲ್ಮು ಪೇಲವವಾಗುತ್ತದೆ, ಬೈಗುಳ ಕಾಫಿಗೆ ಬೀಳುತ್ತದೆ! ಅರ್ಧ ಪುಡಿಯಾದ ಹರಳನ್ನು ಬಾಣಲೆಯಲ್ಲಿ ಹುರಿದು ನೀರನ್ನೆಲ್ಲ ಓಡಿಸಿ ತೂಗುವುದೇ ಲೇಸು. ಆ ಬಾಣಲೆ ಅಡಿಗೆಮನೆಗೆ ಹಿಂದಿರುಗಕೂಡದು. ಕಾಫಿಯ ವಿಷಯದಲ್ಲಿಯೂ ಎಚ್ಚರ ಬೇಕು: ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕ್ಲೋರೋಜೆನಿಕ್ ಆಮ್ಲ ಹೆಚ್ಚು, ಹುರಿದಷ್ಟೂ ಅದು ಕಡಮೆ. ಚಿಕೋರಿ ಬೆರೆತಿದ್ದರೆ ಡಬ್ಬಿಯ ಮೇಲಿನ ಪ್ರಮಾಣವನ್ನು ಓದಿ ಬರೆದಿಟ್ಟುಕೊಳ್ಳಬೇಕು.

ಕಾಫಿಯ ಪಕ್ಕದಲ್ಲಿ ಹೋಲಿಕೆಗಾಗಿ ಒಂದು ನಿಶ್ಚಿತ ಡೆವಲಪರು ಇರಲೇಬೇಕು. 1927ರಿಂದ ಪ್ರಸಿದ್ಧವಾಗಿರುವ ಡಿ-76ರಲ್ಲಿ, ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟು 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸು 2 ಗ್ರಾಂ ಇರುತ್ತವೆ. ಸಲ್ಫೈಟು ದಟ್ಟವಾಗಿರುವ ನೀರಿನಲ್ಲಿ ಮೆಟಾಲ್ ಕರಗಲೊಲ್ಲದು. ಆದುದರಿಂದ ಚಿಟಿಕೆ ಸಲ್ಫೈಟನ್ನು ಹಾಕಿ, ಮೆಟಾಲನ್ನು ಕರಗಿಸಿ, ಆ ಮೇಲೆ ಉಳಿದುದು. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಕೈಗವಸು ಇರಲಿ.

ಇನ್ನು ನೀರು ಬೆರೆಸುವ ಮಾತು. ಇದನ್ನು ಬರಿಯ ಉಳಿತಾಯವೆಂದು ತಿಳಿಯುವವರೇ ಹೆಚ್ಚು. ಡಿ-76ರ ಒಡಹುಟ್ಟಿನಂತಿರುವ ಐಡಿ-11ರಲ್ಲಿ ಎಚ್‌ಪಿ5 ಪ್ಲಸ್ ಫಿಲ್ಮಿಗೆ, 20 ಡಿಗ್ರಿಯಲ್ಲಿ, ತಯಾರಕರು ಹೇಳುವ ವೇಳೆ ನೀರು ಬೆರೆಸದಿದ್ದರೆ ಏಳೂವರೆ ನಿಮಿಷ. ಒಂದು ಪಾಲಿಗೆ ಒಂದು ಪಾಲು ನೀರಾದರೆ 13. ಮೂರು ಪಾಲು ನೀರಾದರೆ 20. ದ್ರಾವಣದ ಸಾರ ನಾಲ್ಕರಲ್ಲೊಂದಾದರೂ ವೇಳೆ ನಾಲ್ಮಡಿಯಾಗಲಿಲ್ಲ. ಮೂರು ಮಡಿಯನ್ನೂ ಮುಟ್ಟಲಿಲ್ಲ. ಏಕೆ? ಕ್ಷಾರತೆ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಜೆಲಟಿನ್ನಿನ ಪದರದೊಳಕ್ಕೆ ದ್ರಾವಣ ಇಳಿಯುವುದಕ್ಕೂ ತನ್ನದೇ ಕಾಲ ಬೇಕು. ಮೇಲಾಗಿ ಸಲ್ಫೈಟು ಬೆಳ್ಳಿಯ ಕಣಗಳ ಅಂಚನ್ನು ಕರಗಿಸಿ ನಯಗೊಳಿಸುತ್ತದೆ. ನೀರು ಹೆಚ್ಚಿದಂತೆ ಆ ಗುಣ ತಗ್ಗಿ ಕಣಗಳು ಒರಟಾಗಿ, ಚಿತ್ರದ ರೇಖೆಗಳು ಚೂಪಾಗುತ್ತವೆ.

ಉಷ್ಣತೆಯನ್ನು ಮರೆತವರಿಗೆ ಈ ಅಂಕಿಗಳಾವುವೂ ಒದಗವು. ಒಂದು ಡಿಗ್ರಿ ಏರಿದರೆ ವೇಳೆಯನ್ನು ಸುಮಾರು ನೂರಕ್ಕೆ ಹತ್ತರಂತೆ ಇಳಿಸಬೇಕು. ಬಣಕಲ್ಲಿನಲ್ಲಿ ಮಳೆಗಾಲದ ಮುಂಜಾನೆಗೆ ಹೊಂದಿದ ಲೆಕ್ಕ ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆಗೆ ಹೋದರೆ ಹೊಂದುವುದಿಲ್ಲ.

ಫಿಲ್ಮು ಅಗ್ಗವಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಒಂದೇ ಸುರುಳಿಯಲ್ಲಿ ಒಂದೇ ಗೋಡೆಯನ್ನು ಒಂದೇ ಬೆಳಕಿನಲ್ಲಿ ತೆಗೆದು, ಕತ್ತಲೆಯಲ್ಲಿ ಆರು ತುಂಡುಮಾಡಿದರೆ ಆರು ಪ್ರಯೋಗಗಳಾದುವು. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ನೀರಿನ ಪಾಲನ್ನೋ, ವೇಳೆಯನ್ನೋ, ಕಾಫಿಯನ್ನೋ. ಒಣಗಿದ ತುಂಡನ್ನು ದೀಪಕ್ಕೂ ಫೋಟೊಡಯೋಡಿಗೂ ನಡುವೆ ಹಿಡಿಯಿರಿ. ಫಿಲ್ಮಿಲ್ಲದಾಗಿನ ಮತ್ತು ಇದ್ದಾಗಿನ ವಿದ್ಯುತ್ ಪ್ರವಾಹಗಳ ನಿಷ್ಪತ್ತಿಗೆ ಲಾಗರಿದಮ್ಮನ್ನು ಕಂಡುಹಿಡಿದರೆ ಅದೇ ಕಪ್ಪಿನ ಸಾಂದ್ರತೆ. ಲಾಗರಿದಮ್ಮಿನ ಕೋಷ್ಟಕ ಏತಕ್ಕೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು.

ಕೊನೆಗೊಂದು ಮಾತು. ಕಾಫಿಯ ಡೆವಲಪರು ನಿರಪಾಯವೆಂದು ಹೇಳಿಕೊಳ್ಳುವವರು ಹೈಪೋವನ್ನು ಮರೆಯುತ್ತಾರೆ. ಡೆವಲಪರು ಯಾವುದೇ ಆಗಲಿ, ಕಪ್ಪಾಗದ ಬೆಳ್ಳಿಯ ಲವಣವೆಲ್ಲ ಕರಗಿ ಸೇರುವುದು ಹೈಪೋವಿನಲ್ಲಿ. ಆ ಬೆಳ್ಳಿ ಜಲಚರಗಳಿಗೆ ವಿಷ. ಹೇಮಾವತಿ ಹುಟ್ಟುವುದು ಈ ಮೂಡಿಗೆರೆ ತಾಲ್ಲೂಕಿನಲ್ಲಿಯೇ. ಇಲ್ಲಿಯ ಹಳ್ಳಕೊಳ್ಳಗಳು ಬಂದು ಸೇರುವುದೂ ಅದನ್ನೇ. ಬಳಸಿದ ಹೈಪೋವನ್ನು ಬಚ್ಚಲಿಗೆ ಚೆಲ್ಲದೆ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಡಿ. ಅದರಲ್ಲಿ ಉಕ್ಕಿನ ನಾರನ್ನು ಕೆಲವು ದಿನ ನೆನೆಸಿಟ್ಟರೆ, ಕಬ್ಬಿಣವು ಕರಗಿ ಬೆಳ್ಳಿಯು ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರನ್ನು ಸೋಸಿ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಒಪ್ಪಿಸಬಹುದು.